ಅಂತರಜಾಲ ಬಳಕೆಯ ನಿಬಂಧನೆಗಳೂ ಗುರುಪುರದ ನಿರಾಶ್ರಿತ ಗ್ರಾಹಕನೂ

ಅಂತರಜಾಲದ ಗ್ರಾಹಕನಿಗೆ ಯಾವುದು ವಿಹಿತ, ಯಾವುದು ನಿಷಿದ್ಧವೆಂದು ಗೊತ್ತುಪಡಿಸುವ ನಿಬಂಧನೆಗಳು ಆರಂಭದಲ್ಲಿ ಸಾರ್ವಜನಿಕ ಧನದ ರಕ್ಷಣೆಗಾಗಿ ಹುಟ್ಟಿದುವು. ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ತನ್ನ ಜಾಲವನ್ನು ಸಂಶೋಧನೆ ಮತ್ತು ಶಿಕ್ಷಣಗಳಿಗೆ ಮೀಸಲಿಟ್ಟು, ವಾಣಿಜ್ಯ ವ್ಯವಹಾರವನ್ನು ಅದರಿಂದ ಹೊರಗಿರಿಸಿತ್ತು. ಆ ಜಾಲವು 1995ರ ಏಪ್ರಿಲಿನಲ್ಲಿ ನಿವೃತ್ತವಾಯಿತು. ಅದೇ ವರ್ಷದ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು.

ಇಲ್ಲಿಯ ಪ್ರಥಮ ನಿಷೇಧಗಳಲ್ಲಿ ಗಮನಾರ್ಹವಾದುದು ಧ್ವನಿಯ ನಿಷೇಧ. ವಿದೇಶೀ ಕರೆಗಳ ಮೇಲೆ ನಿಗಮಕ್ಕಿದ್ದ ಏಕಸ್ವಾಮ್ಯವು ಕೊನೆಗೊಂಡ 2002ರ ಏಪ್ರಿಲ್ 1ರವರೆಗೂ ಅಂತರಜಾಲದ ಮೂಲಕ ಮಾತನಾಡುವುದು ಕಾನೂನಿಗೆ ಸಮ್ಮತವಾಗಿರಲಿಲ್ಲ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ, 1970ರ ದಶಕದ ಆದಿಭಾಗದಲ್ಲಿ ನೆಲೆಗೊಂಡ ಟಿಬೆಟನ್ ವಸತಿಯಲ್ಲಾಗಲಿ, ಅಲ್ಲಿಯ ಗ್ಯುದ್ಮೆದ್ ತಾಂತ್ರಿಕ ಮಠದಲ್ಲಾಗಲಿ ಬಾಳುವವರ ಬಂಧುಗಳು ನೇಪಾಳದಿಂದ ಉತ್ತರ ಅಮೆರಿಕೆಯವರೆಗೆ ಚದುರಿಹೋಗಿರುವುದನ್ನು ನೆನೆದಾಗ, ಆದಾಯರಕ್ಷಣೆಗೆಂದು ವಿಧಿಸಿದ ಈ ನಿರ್ಬಂಧವು ಎಂಥವರ ಮೇಲೆ ಅತಿಭಾರವಾಗಿ ಬಿದ್ದಿತ್ತೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ಧಾರೆ ಶೀಲಕ್ಕೆ ಸಂಬಂಧಿಸಿದುದು. ದೂರವಾಣಿಯಲ್ಲಿ ಅಶ್ಲೀಲವನ್ನೂ ಬೆದರಿಕೆಯನ್ನೂ ಆಡಬಾರದೆಂದು 1935ರ ಬ್ರಿಟಿಷ್ ಅಂಚೆ ಶಾಸನವು ವಿಧಿಸಿದುದರ ಪದಾವಳಿಯೇ ಕ್ರಮೇಣ ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣಕ್ಕೆ ಇಳಿದು ಬಂದಿತು. ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ, 2015ರ ಮಾರ್ಚ್ 24ರಂದು, ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣವನ್ನು ಅಸ್ಪಷ್ಟತೆಯ ಕಾರಣದಿಂದಲೂ ರದ್ದುಗೊಳಿಸಿತು. ಆದರೆ ಆಕ್ಷೇಪಾರ್ಹವಾದುದು ತನ್ನ ಜಾಲದಲ್ಲಿ ಸಾಗದಂತೆ ನೋಡಿಕೊಳ್ಳಬೇಕೆಂಬ ಹೊಣೆಯನ್ನು ಸರಕಾರದ ಪರವಾನಗಿಯು ಸೇವಾದಾರನ ಮೇಲೆ ಹೊರಿಸುತ್ತಲೇ ಬಂದಿದೆ; ಅವನು ಅದನ್ನು ಗ್ರಾಹಕನೊಡನೆ ಮಾಡಿಕೊಳ್ಳುವ ಕರಾರಿಗೆ ದಾಟಿಸುತ್ತಾನೆ. ಶಾಸನದಲ್ಲಿ ನಿಲ್ಲಲಾರದ ಅಸ್ಪಷ್ಟತೆ ಕರಾರಿನ ಷರತ್ತಿನಲ್ಲಿ ನಿಲ್ಲುವುದು ನ್ಯಾಯವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಶಾಸನವನ್ನು ಪ್ರಶ್ನಿಸಲು ಸಂವಿಧಾನವುಂಟು, ಕರಾರಿಗೆ ಸಹಿಮಾಡಿದ ಬಡಗ್ರಾಹಕನಿಗೆ ಸಂಪರ್ಕವನ್ನು ಕಳೆದುಕೊಳ್ಳುವುದಲ್ಲದೆ ಬೇರೆ ದಾರಿ ಸುಲಭವಾಗಿ ಕಾಣದು.

ನಿಯಮದ ಅಸ್ಪಷ್ಟತೆ ನಿರಾಶ್ರಿತನನ್ನು ಎಲ್ಲಿ ಮುಟ್ಟುತ್ತದೆಂಬುದನ್ನು 2011ರ ಸೈಬರ್ ಕೆಫೆ ನಿಯಮಗಳಲ್ಲಿ ನೋಡಬಹುದು. ಬಳಕೆದಾರನ ಗುರುತಿನ ದಾಖಲೆಯಿಲ್ಲದೆ ಗಣಕಯಂತ್ರವನ್ನು ಕೊಡಕೂಡದು, ದಾಖಲೆ ಪುಸ್ತಕವನ್ನು ಒಂದು ವರ್ಷವಾದರೂ ಕಾದಿರಿಸಬೇಕು, ಮರೆಯ ತಡಿಕೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು ಎಂಬಷ್ಟು ಸೂಕ್ಷ್ಮಕ್ಕೆ ಇಳಿಯುವ ಈ ನಿಯಮಗಳು, ಪಾಸ್‌ಪೋರ್ಟ್, ಮತದಾರರ ಚೀಟಿ, ಚಾಲನಾ ಪರವಾನಗಿ ಮುಂತಾದುವನ್ನು ಹೆಸರಿಸುತ್ತವೆ. ವಿದೇಶೀಯರ ನೋಂದಣಿಯ 1939ರ ಕಾಯಿದೆಯನ್ವಯ ಟಿಬೆಟನ್ನರಿಗೆ ದೊರೆತ, ಆರ್.ಸಿ. ಎಂದು ಎಲ್ಲರೂ ಕರೆಯುವ ಪತ್ರವನ್ನು ಹೆಸರಿಸುವುದಿಲ್ಲ. ಸರಕಾರದ ಸಂಸ್ಥೆಯು ಕೊಟ್ಟ ಭಾವಚಿತ್ರವುಳ್ಳ ಗುರುತುಚೀಟಿ ಎಂಬ ಸಾಮಾನ್ಯ ವಾಕ್ಯದಡಿ ಅದು ಸೇರುತ್ತದೆಂದು ನಾನು ಓದುತ್ತೇನೆ. ಆದರೆ ಹಾಗೆ ಓದುವ ಅಧಿಕಾರವನ್ನು ನಿಯಮವು ಅಂಗಡಿಯವನಿಗೆ ಬಿಟ್ಟಿದೆ, ತಪ್ಪಿದರೆ ದಂಡ ತೆರಬೇಕಾದ ಭಯದಲ್ಲಿ ಅವನು ನಿರಾಕರಿಸಿದರೆ ಅವನನ್ನು ದೂರುವಂತಿಲ್ಲ.

ಬಾಲಭಿಕ್ಷುವಿನ ವಿಷಯ ಇನ್ನೂ ಸೂಕ್ಷ್ಮವಾದುದು. ಗುರುತುಚೀಟಿಯಿಲ್ಲದ ಅಪ್ರಾಪ್ತವಯಸ್ಕನ ಜೊತೆಯಲ್ಲಿ ದಾಖಲೆಯುಳ್ಳ ವಯಸ್ಕನಿರಬೇಕು; ಮರೆಯುಳ್ಳ ಕೋಣೆಯಲ್ಲಾದರೆ ತಂದೆತಾಯಿಗಳೋ ಪೋಷಕರೋ ಇರಲೇಬೇಕು. ತಂದೆತಾಯಿಗಳನ್ನು ದೂರದೇಶದಲ್ಲಿ ಬಿಟ್ಟು ಮಠದ ಗುರುವಿನ ಆಶ್ರಯದಲ್ಲಿ ಬೆಳೆಯುವ ಹುಡುಗನಿಗೆ ಆ ಗುರುವೇ ಪೋಷಕನೆಂದು ನಿಯಮವು ಬಾಯಿಬಿಟ್ಟು ಹೇಳಬೇಕು, ಆರ್.ಸಿ.ಯನ್ನು ಹೆಸರಿನಿಂದಲೇ ಪಟ್ಟಿಗೆ ಸೇರಿಸಬೇಕು. ಗುರುಪುರದ ಗ್ರಾಹಕನು ಸಹಿಹಾಕುವ ಷರತ್ತುಗಳು ಅವನು ಪೇಟೆಯಲ್ಲಿ ಆಡುವ ಕನ್ನಡದಲ್ಲಿಯೂ ಮನೆಯಲ್ಲಿ ಓದುವ ಟಿಬೆಟನ್ನಿನಲ್ಲಿಯೂ ಸಹಿಗೆ ಮೊದಲೇ ಅವನ ಕೈಸೇರಬೇಕು.