ಘಟಪ್ರಭೆಯ ಸೀಮೆಯ ಮತದಾರನೂ ಅವನ ಪಕ್ಷನಿಷ್ಠೆಯೂ

ಮತದಾರನು ಚಂಚಲಚಿತ್ತನೆಂದು ದೂರುವುದು ಸೋತವರ ವಾಡಿಕೆ. ಅವನು ಮಹಾವಿವೇಕಿಯೆಂದು ಹೊಗಳುವುದು ಗೆದ್ದವರ ವಾಡಿಕೆ. ಈ ಎರಡು ಮಾತುಗಳೂ ಒಂದೇ ಒಂದು ಚುನಾವಣೆಯನ್ನು ಕಣ್ಣಮುಂದೆ ಇಟ್ಟುಕೊಂಡು ಆಡಿದವು. ಆದರೆ ಮನುಷ್ಯನು ತನ್ನ ಆಯುಷ್ಯದಲ್ಲಿ ಒಮ್ಮೆ ಮಾತ್ರ ಮತ ಕೊಡುವವನಲ್ಲ. ತಾರುಣ್ಯದಲ್ಲಿ, ಸಂಸಾರದ ಭಾರ ಹೊತ್ತ ನಡುವಯಸ್ಸಿನಲ್ಲಿ, ಕೋಲೂರಿ ನಡೆಯುವ ಮುಪ್ಪಿನಲ್ಲಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಅವನು ಮತಗಟ್ಟೆಯ ಮೆಟ್ಟಿಲನ್ನು ಹತ್ತಿ ಇಳಿಯುತ್ತಾನೆ. ಈ ದೀರ್ಘಕಾಲದಲ್ಲಿ ಅವನ ಪಕ್ಷವು ಬದಲಾಯಿತೇ? ಬದಲಾಗಿದ್ದರೆ ಯಾವ ಕಾರಣದಿಂದ? ಬದಲಾದವನು ಅವನೋ, ಪಕ್ಷವೋ? ಗೋಕಾವಿಯ ಸೀಮೆಯ ಮೇಲವಂಕಿಯಂಥ ಒಂದು ಒಕ್ಕಲುತನದ ಊರಿನ ಕಟ್ಟೆಯ ಮೇಲೆ ನಿಂತು ನೋಡಿದರೆ ಈ ಪ್ರಶ್ನೆಗಳಿಗೆ ನೂರು ವರ್ಷಗಳ ಇತಿಹಾಸವೇ ಉತ್ತರವನ್ನು ಹೇಳುತ್ತದೆ.

ಈ ವಿಷಯವನ್ನು ಪರದೇಶಗಳ ವಿದ್ವಾಂಸರು ಬಹಳವಾಗಿ ಶೋಧಿಸಿದ್ದಾರೆ. ಅಮೇರಿಕೆಯ ಬೆನ್ನಿಂಗ್ಟನ್ ಎಂಬ ಕಾಲೇಜಿನಲ್ಲಿ 1930ರ ದಶಕದಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿನಿಯರ ರಾಜಕೀಯ ಅಭಿಪ್ರಾಯಗಳನ್ನು ಥಿಯೊಡೋರ್ ನ್ಯೂಕೊಂಬ್ ಎಂಬವರು ಪರೀಕ್ಷಿಸಿದರು. ಶ್ರೀಮಂತ ಮನೆತನಗಳಿಂದ ಬಂದ ಆ ತರುಣಿಯರಲ್ಲಿ ಅನೇಕರು ತಂದೆಯ ಪಕ್ಷವನ್ನು ಬಿಟ್ಟು ಗುರುಗಳ ವಿಚಾರದ ಕಡೆಗೆ ಒಲಿದಿದ್ದರು. ಸುಮಾರು ಇಪ್ಪತ್ತೈದು ವರ್ಷಗಳ ತರುವಾಯ ಅವರನ್ನೇ ಮತ್ತೆ ಕಂಡು ಕೇಳಲಾಗಿ, ಬಹುಮಂದಿ ತಾರುಣ್ಯದಲ್ಲಿ ಹಿಡಿದ ದಾರಿಯಲ್ಲಿಯೇ ಉಳಿದಿದ್ದರು. 1960ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪಂಡಿತರು ಅಮೇರಿಕೆಯ ಮತದಾರನನ್ನು ಕುರಿತು ಪ್ರಕಟಿಸಿದ ಗ್ರಂಥವೂ ಇದಕ್ಕೆ ಹತ್ತಿರದ ಮಾತನ್ನೇ ಸಾರಿತು: ಪಕ್ಷದ ಒಲವು ಬಹುಮಟ್ಟಿಗೆ ಮನೆಯಿಂದ ಬರುತ್ತದೆ, ವಯಸ್ಸು ಏರಿದ ಹಾಗೆ ಅದು ಗಟ್ಟಿಯಾಗುತ್ತದೆ. ಹಸಿಯ ಮಣ್ಣಿನಲ್ಲಿ ಒತ್ತಿದ ಗುರುತು ಒಣಗಿದ ಮೇಲೆ ಅಳಿಯದಷ್ಟೆ.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ಮುಖ್ಯ ಭೇದವುಂಟು. ಅಮೇರಿಕೆಯ ಎರಡು ದೊಡ್ಡ ಪಕ್ಷಗಳು ನೂರೈವತ್ತು ವರ್ಷಗಳಿಗೂ ಮಿಕ್ಕಿ ಅದೇ ಹೆಸರಿನಿಂದ ಬಾಳಿಕೊಂಡು ಬಂದಿವೆ. ಅಜ್ಜನು ಕೊಟ್ಟ ಪಕ್ಷವನ್ನು ಮೊಮ್ಮಗನು ಸುಲಭವಾಗಿ ಹಿಡಿದಿರಬಹುದು. ಕರ್ನಾಟಕದಲ್ಲಿಯಾದರೋ ಪಕ್ಷಗಳು ಒಡೆದವು, ಕೂಡಿದವು, ಹೆಸರನ್ನೂ ಚಿಹ್ನೆಯನ್ನೂ ಬದಲಿಸಿದವು. ಹೀಗಿರಲು ಇಲ್ಲಿಯ ಮತದಾರನ ನಿಷ್ಠೆಯನ್ನು ಚಿಹ್ನೆಯ ಮೇಲಿಂದ ಅಳೆಯುವುದು ನ್ಯಾಯವಲ್ಲ.

ಮೊದಲಿನಿಂದ ನೋಡಬೇಕು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಯಲ್ಲಿತ್ತು. 1919ರ ಸುಧಾರಣೆಯ ಕಾಯಿದೆಯಂತೆ ಹಳ್ಳಿಗಳಲ್ಲಿ ಮತದ ಹಕ್ಕು ಮುಖ್ಯವಾಗಿ ಭೂಮಿಯ ಕಂದಾಯವನ್ನು ಅವಲಂಬಿಸಿತ್ತು. ದೊಡ್ಡ ಹಿಡುವಳಿಯ ಗೌಡರೂ ದೇಸಾಯರೂ ಮತದಾರರು, ಅವರ ಹೊಲ ಉಳುವವರು ನೋಡುವವರು. ಆ ದಶಕದಲ್ಲಿ ಈ ಭಾಗದ ಲಿಂಗಾಯತ ಮುಂದಾಳುಗಳಲ್ಲಿ ಅನೇಕರು ಬ್ರಾಹ್ಮಣೇತರ ಪಕ್ಷದಲ್ಲಿದ್ದರು. ಶಿಕ್ಷಣದಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಹಿಂದೆ ಬಿದ್ದ ಸಮಾಜವು ಮೇಲೇಳಬೇಕೆಂಬುದು ಅವರ ಹಂಬಲ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಹುಟ್ಟಿದ್ದು ಅದೇ ಹಂಬಲದಿಂದ. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಆ ಪಕ್ಷದ ಧುರೀಣರಾಗಿ ಮುಂಬಯಿ ಸರಕಾರದಲ್ಲಿ ಮಂತ್ರಿಪದವನ್ನು ಹೊಂದಿದ್ದರು.

ಇತ್ತ 1924ರ ಡಿಸೆಂಬರದಲ್ಲಿ ಮಹಾತ್ಮ ಗಾಂಧಿಯವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು ಬೆಳಗಾವಿಯಲ್ಲಿ ನೆರೆಯಿತು. ಹುದಲಿಯ ಗಂಗಾಧರರಾವ ದೇಶಪಾಂಡೆಯವರ ಖಾದಿಯ ಕೆಲಸವೂ, ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಡಾಕ್ಟರ ಹರ್ಡೀಕರರ ಶಿಸ್ತಿನ ಕೆಲಸವೂ ಹಳ್ಳಿಗಳಿಗೆ ತಲುಪಿದವು. 1930ರ ಕಾಯಿದೆಭಂಗದ ಚಳವಳಿಯ ಕಾಲಕ್ಕೆ ಬ್ರಾಹ್ಮಣೇತರ ಪಕ್ಷದ ತರುಣರು ಗುಂಪುಗುಂಪಾಗಿ ಕಾಂಗ್ರೆಸ್ಸನ್ನು ಸೇರಿದರು. ಅವರ ತಂದೆಗಳಿಗೆ ಇದು ಪಕ್ಷದ್ರೋಹವೆಂದು ತೋರಿರಬಹುದು. ಆದರೆ ತರುಣರು ಸಮಾಜದ ಏಳಿಗೆಯ ಹಂಬಲವನ್ನು ಬಿಡಲಿಲ್ಲ. ಅದು ದೇಶದ ಏಳಿಗೆಯೊಳಗೆ ಸೇರಿದೆಯೆಂದು ಬಗೆದರು. ಈ ಸೀಮೆಯಲ್ಲಿ ಕಂಡುಬಂದ ಮೊದಲನೆಯ ದೊಡ್ಡ ಪಕ್ಷಾಂತರವು ಇದು. ಹೆಸರು ಬದಲಾಯಿತು, ಹಂಬಲವು ಉಳಿಯಿತು.

ಸ್ವಾತಂತ್ರ್ಯದ ತರುವಾಯ ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ ಮತದ ಹಕ್ಕು ದೊರೆಯಿತು. 1951–52ರ ಮೊದಲ ಚುನಾವಣೆಯಲ್ಲಿ ಉಮೇದುವಾರನಿಗೊಂದರಂತೆ ಪೆಟ್ಟಿಗೆಗಳನ್ನು ಇಟ್ಟು ಅವುಗಳ ಮೇಲೆ ಚಿಹ್ನೆಗಳನ್ನು ಅಂಟಿಸಿದ್ದರು. ಮತದಾರನು ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಬೇಕು. ಕಾಂಗ್ರೆಸ್ಸಿನ ಚಿಹ್ನೆಯು ನೊಗ ಹೊತ್ತ ಜೋಡೆತ್ತು. ಬೆಳಗಾದರೆ ಎತ್ತಿನ ಮೋರೆ ನೋಡಿ ಏಳುವ ಒಕ್ಕಲಿಗನಿಗೆ ಆ ಚಿಹ್ನೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1930ರ ಸುಮಾರಿಗೆ ಹುಟ್ಟಿ ಅಂದು ಮೊದಲ ಮತವನ್ನು ಕೊಟ್ಟ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ಸ್ವರಾಜ್ಯವನ್ನು ತಂದ ಪಕ್ಷವೆಂಬ ಭಕ್ತಿಯಿಂದ ಅವನ ಮನಸ್ಸು ಹದಗೊಂಡಿತ್ತು. 1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಏಕೀಕರಣಕ್ಕಾಗಿ ದುಡಿದ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು; ಬಳಿಕ ನೆರೆಯ ಜಮಖಂಡಿಯ ಬಿ. ಡಿ. ಜತ್ತಿಯವರು ಅದೇ ಸ್ಥಾನವನ್ನು ಅಲಂಕರಿಸಿದರು. ಜೋಡೆತ್ತು ಆ ರೈತನ ಮನೆಯ ಚಿಹ್ನೆಯೇ ಆಗಿಬಿಟ್ಟಿತು.

ಅವನಿಗೆ ನಲವತ್ತು ವರ್ಷವಾಗುವ ಹೊತ್ತಿಗೆ ಸಂಕಟವು ಒದಗಿತು. 1969ರಲ್ಲಿ ಕಾಂಗ್ರೆಸ್ಸು ಒಡೆಯಿತು. ಒಂದು ಕಡೆಗೆ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು, ಇನ್ನೊಂದು ಕಡೆಗೆ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರು. 1971ರ ಲೋಕಸಭೆಯ ಚುನಾವಣೆಯಲ್ಲಿ ಜೋಡೆತ್ತು ಯಾರಿಗೂ ದೊರೆಯಲಿಲ್ಲ. ಇಂದಿರೆಯವರ ಪಕ್ಷಕ್ಕೆ ಆಕಳು–ಕರು, ನಿಜಲಿಂಗಪ್ಪನವರ ಪಕ್ಷಕ್ಕೆ ಚರಕ ನೂಲುವ ಹೆಂಗಸು ಬಂದವು. ನಿಷ್ಠೆಯಿಂದ ಕಾಂಗ್ರೆಸ್ಸಿಗನಾಗಿದ್ದವನು ಯಾವುದನ್ನು ಹಿಡಿಯಬೇಕು? ಯಾವುದನ್ನು ಹಿಡಿದರೂ ಒಂದನ್ನು ಬಿಟ್ಟಂತೆಯೇ ಆಗುತ್ತಿತ್ತು. ರಾಜ್ಯದ 27 ಸ್ಥಾನಗಳನ್ನೆಲ್ಲ ಇಂದಿರೆಯವರ ಪಕ್ಷವೇ ಗೆದ್ದುದರಿಂದ, ನಿಜಲಿಂಗಪ್ಪನವರನ್ನು ಗೌರವಿಸುತ್ತಿದ್ದ ಮನೆಗಳಲ್ಲಿಯೂ ಎಷ್ಟೋ ಜನ ಅತ್ತ ಸರಿದರೆಂಬುದು ಸ್ಪಷ್ಟ. ಇಲ್ಲಿ ಮತದಾರನು ಪಕ್ಷವನ್ನು ಒಡೆಯಲಿಲ್ಲ. ಒಡೆದ ಪಕ್ಷವು ಅವನನ್ನು ಆಯ್ಕೆಯ ಕವಲಿನಲ್ಲಿ ನಿಲ್ಲಿಸಿತು.

ಮುಂದೆ ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣೆಯ ಕಾಯಿದೆಯು ಬಂದಿತು. ಗೇಣಿಯ ಹೊಲವನ್ನು ಉಳುತ್ತಿದ್ದವನು ಅದರ ಒಡೆಯನಾದನು. ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ, ಭೂಮಿ ಕಳೆದುಕೊಂಡ ಮನೆಯೂ ಭೂಮಿ ಪಡೆದ ಮನೆಯೂ ಇದ್ದವು; ಜಾತಿಯೊಂದೇ ಆಗಿದ್ದರೂ ಅವುಗಳ ಪಕ್ಷವು ಒಂದೇ ಆಗಿ ಉಳಿಯುವುದು ಕಠಿಣವಾಗಿತ್ತು. ಸಮಾಜದ ಮತಗಳೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಟ್ಟವೆಂದು ತಿಳಿಯುವವರು ಈ ಸಂಗತಿಯನ್ನು ಮರೆಯಬಾರದು.

ಆ ರೈತನ ಮಗನು 1960ರ ಸುಮಾರಿಗೆ ಹುಟ್ಟಿದನೆನ್ನೋಣ. ಅವನ ತಾರುಣ್ಯವನ್ನು ಹದಗೊಳಿಸಿದ್ದು ಸ್ವರಾಜ್ಯದ ನೆನಪಲ್ಲ, ನೀರಿನ ಕರ. 1980ರ ಜುಲೈದಲ್ಲಿ ಮಲಪ್ರಭಾ ಯೋಜನೆಯ ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ನರಗುಂದ, ನವಲಗುಂದಗಳ ರೈತರು ಎದ್ದರು. ಪೋಲೀಸರ ಗುಂಡಿಗೆ ರೈತರು ಬಲಿಯಾದರು. ಹಿಡಕಲ್ಲಿನ ಜಲಾಶಯದಿಂದಲೂ ಧುಪದಾಳದ ಒಡ್ಡಿನಿಂದಲೂ ಕಾಲುವೆಯ ನೀರು ಪಡೆಯುತ್ತಿದ್ದ ಘಟಪ್ರಭೆಯ ರೈತರಿಗೆ ಆ ಸುದ್ದಿಯು ಪರರದಾಗಿ ಕೇಳಿಸಲಿಲ್ಲ. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರವು ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಬಂದಿತು. ತಂದೆಯು ಹಳೆಯ ನೆನಪಿನಿಂದ ಮತ ಕೊಟ್ಟರೆ ಮಗನು ಹೊಸ ನೋವಿನಿಂದ ಮತ ಕೊಟ್ಟನು.

1984ರ ಡಿಸೆಂಬರದಲ್ಲಿ ನಡೆದ ಲೋಕಸಭೆಯ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. 1985ರ ಮಾರ್ಚಿನಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 139 ಜನತಾ ಪಕ್ಷಕ್ಕೆ ಬಂದವು. ನಡುವೆ ಕಳೆದದ್ದು ಒಂದು ಸುಗ್ಗಿಯಷ್ಟೆ. ಇದನ್ನು ಚಾಂಚಲ್ಯವೆನ್ನಲಾಗದು, ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಮತದಾರನು ಬೇರೆಬೇರೆಯಾಗಿ ತೂಗಿ ನೋಡಿದನು. ಇದೇ ತೂಕವು ಬಳಿಕ ಕಠೋರವೂ ಆಯಿತು. 1989ರಲ್ಲಿ ವೀರೇಂದ್ರ ಪಾಟೀಲರನ್ನು ಮುಂದಿಟ್ಟುಕೊಂಡ ಕಾಂಗ್ರೆಸ್ಸಿಗೆ 178 ಸ್ಥಾನಗಳು ದೊರೆತವು. ಮರುವರ್ಷವೇ ಅಸ್ವಸ್ಥರಾಗಿದ್ದ ಪಾಟೀಲರನ್ನು ಆ ಸ್ಥಾನದಿಂದ ಇಳಿಸಲಾಯಿತು. 1994ರಲ್ಲಿ ಆ ಪಕ್ಷಕ್ಕೆ ಉಳಿದದ್ದು 34. ಆ ಸೋಲಿಗೆ ಕಾರಣಗಳು ಹಲವು. ಆದರೂ ಉತ್ತರ ಕರ್ನಾಟಕದ ಬಹುಮಂದಿ ಲಿಂಗಾಯತ ಮತದಾರರು ಆ ಪಕ್ಷದಿಂದ ದೂರ ಸರಿಯಲು ಪಾಟೀಲರ ಪದಚ್ಯುತಿಯು ಒಂದು ಮುಖ್ಯ ಕಾರಣವೆಂದು ಇತಿಹಾಸವನ್ನು ಬರೆದವರು ಒಪ್ಪುತ್ತಾರೆ.

ಇಷ್ಟರ ಮಟ್ಟಿಗೆ ಮತದಾರನ ನಿಷ್ಠೆಯು ಒಂದು ಧ್ಯೇಯಕ್ಕೋ ಒಂದು ನೋವಿಗೋ ಅಂಟಿಕೊಂಡಿತ್ತು. ಅದು ವ್ಯಕ್ತಿಗೆ ಅಂಟಿಕೊಂಡರೆ ಏನಾಗುವುದೆಂಬುದಕ್ಕೆ ನೆರೆಯ ಹುಕ್ಕೇರಿಯೇ ಸಾಕ್ಷಿ. ವಿಶ್ವನಾಥ ಕತ್ತಿಯವರ ನಿಧನದ ತರುವಾಯ ಅವರ ಮಗ ಉಮೇಶ ಕತ್ತಿಯವರು 1985ರಲ್ಲಿ ಜನತಾ ಪಕ್ಷದಿಂದ ವಿಧಾನಸಭೆಯನ್ನು ಪ್ರವೇಶಿಸಿದರು. 1989, 1994ರಲ್ಲಿ ಜನತಾದಳದಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ ಗೆದ್ದರು. 2004ರಲ್ಲಿ ಸೋತರು. 2008ರ ಮೇ ತಿಂಗಳಲ್ಲಿ ಜಾತ್ಯತೀತ ಜನತಾದಳದಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ವರ್ಷದ ಡಿಸೆಂಬರದ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2013, 2018ರಲ್ಲಿಯೂ ಗೆದ್ದು 2022ರಲ್ಲಿ ತೀರಿಕೊಂಡರು. ಅರಭಾವಿಯ ಬಾಲಚಂದ್ರ ಜಾರಕಿಹೊಳಿಯವರೂ 2008ರ ಆ ಎರಡು ಚುನಾವಣೆಗಳಲ್ಲಿ ಹೀಗೆಯೇ ಎರಡು ಪಕ್ಷಗಳಿಂದ ಗೆದ್ದರು. ಗೋಕಾವಿಯಲ್ಲಿ 1999ರಿಂದ ಐದು ಸಲ ಕಾಂಗ್ರೆಸ್ಸಿನಿಂದ ಗೆದ್ದ ರಮೇಶ ಜಾರಕಿಹೊಳಿಯವರು 2019ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಎದುರಿಗೆ ಕಾಂಗ್ರೆಸ್ಸಿನಿಂದ ನಿಂತವರು ಅವರ ತಮ್ಮಂದಿರಾದ ಲಖನ ಜಾರಕಿಹೊಳಿಯವರು. ಚಿಕ್ಕೋಡಿಯ ಲೋಕಸಭಾ ಕ್ಷೇತ್ರದಲ್ಲಿ ರಮೇಶ ಜಿಗಜಿಣಗಿಯವರು 1998, 1999, 2004ರ ಮೂರು ಚುನಾವಣೆಗಳನ್ನು ಕ್ರಮವಾಗಿ ಲೋಕಶಕ್ತಿ, ಸಂಯುಕ್ತ ಜನತಾದಳ, ಭಾರತೀಯ ಜನತಾ ಪಕ್ಷಗಳಿಂದ ಗೆದ್ದರು.

ಇಲ್ಲಿ ಪಕ್ಷ ಬಿಟ್ಟವರು ಯಾರು? ಹುಕ್ಕೇರಿಯ ಒಬ್ಬ ಮತದಾರನು ಆಯುಷ್ಯದುದ್ದಕ್ಕೂ ಒಬ್ಬರನ್ನೇ ನಂಬಿದ್ದರೆ, ಲೆಕ್ಕದ ಪುಸ್ತಕದಲ್ಲಿ ಅವನು ಹಲವು ಪಕ್ಷಗಳ ಮತದಾರನಾಗಿ ಕಾಣಿಸುತ್ತಾನೆ. ಅವನ ನೆರೆಮನೆಯವನು ಒಂದೇ ಪಕ್ಷವನ್ನು ಹಿಡಿದು ಕುಳಿತಿದ್ದರೆ, ನಿನ್ನೆ ತಾನು ಸೋಲಿಸಬೇಕೆಂದವರನ್ನೇ ಇಂದು ಗೆಲ್ಲಿಸಬೇಕಾದ ಪ್ರಸಂಗ ಅವನಿಗೆ ಬಂದಿದೆ. ಇಬ್ಬರೂ ನಿಷ್ಠಾವಂತರೇ, ಇಬ್ಬರೂ ಬದಲಾದವರೇ. 1985ರ ಪಕ್ಷಾಂತರ ನಿಷೇಧದ ಕಾಯಿದೆಯು ಶಾಸನಸಭೆಯ ಸದಸ್ಯರನ್ನು ಕಟ್ಟಿಹಾಕಲು ಬಂದುದು. ಮತದಾರನನ್ನು ಯಾವ ಕಾಯಿದೆಯೂ ಕಟ್ಟಿಲ್ಲ. ಆದರೂ ಸದಸ್ಯರು ಪಕ್ಷ ಬಿಟ್ಟು ಮರಳಿ ನಿಂತಾಗ, ಆ ನಡತೆಗೆ ಒಪ್ಪಿಗೆಯ ಮುದ್ರೆಯನ್ನು ಒತ್ತಿದ್ದು ಮತದಾರನ ಕೈಯೇ ಎಂಬುದನ್ನು ಮರೆಮಾಚಬಾರದು. ಕಾರ್ಖಾನೆಯ ಕಬ್ಬು, ಸಹಕಾರಿ ಸಂಘದ ಸಾಲ, ಊರಿನ ರಸ್ತೆ ಇವೆಲ್ಲ ಒಬ್ಬರ ಮಾತಿನಿಂದಲೇ ನಡೆಯುವಲ್ಲಿ ಬಡ ಮತದಾರನು ಬೇರೆ ಏನು ಮಾಡಿಯಾನು ಎಂಬ ಸಮಾಧಾನವುಂಟು. ಆ ಸಮಾಧಾನದಲ್ಲಿ ಸತ್ಯವೂ ಇದೆ, ಅಪಾಯವೂ ಇದೆ. ವ್ಯಕ್ತಿಯ ಹಿಂದೆಯೇ ಹೋಗುವ ಮತವು ಆ ವ್ಯಕ್ತಿಯನ್ನು ಲೆಕ್ಕ ಕೇಳುವ ಶಕ್ತಿಯನ್ನು ಮೆಲ್ಲಗೆ ಕಳೆದುಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಬೆಳಗಾವಿ, ಖಾನಾಪುರಗಳ ಮರಾಠಿ ಮತದಾರರಲ್ಲಿ ದೊಡ್ಡ ಭಾಗವು 1957ರಿಂದ ದಶಕಗಳವರೆಗೆ ಮಹಾರಾಷ್ಟ್ರ ಏಕೀಕರಣ ಸಮಿತಿಯನ್ನು ಹಿಡಿದಿತ್ತು. ಒಂದೇ ಪ್ರಶ್ನೆಗೆ ಅಂಟಿದ ಇಂಥ ದೀರ್ಘನಿಷ್ಠೆಯು ಕರ್ನಾಟಕದಲ್ಲಿ ಅಪರೂಪ. ಅದೂ ಕಾಲಕ್ರಮದಲ್ಲಿ ಸಡಿಲಿತು. 2018, 2023ರ ಚುನಾವಣೆಗಳಲ್ಲಿ ಸಮಿತಿಗೆ ಒಂದು ಸ್ಥಾನವೂ ಬರಲಿಲ್ಲ. ಅಜ್ಜನ ಪ್ರಶ್ನೆಯು ಮೊಮ್ಮಗನ ಪ್ರಶ್ನೆಯಾಗಿ ಉಳಿಯದಿದ್ದರೆ ಎಂಥ ನಿಷ್ಠೆಯೂ ಸಡಿಲುವುದು ಸಹಜ.

ಮೇಲವಂಕಿಯ ಕಟ್ಟೆಗೆ ಮರಳಿ ಬಂದರೆ, ಈಗ ಅಲ್ಲಿ ಕೂಡುವವನು ಮೂರನೆಯ ತಲೆಯವನು. 1989ರಲ್ಲಿ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿಯಿತು. 1985ರಲ್ಲಿ ಹುಟ್ಟಿದ ಮೊಮ್ಮಗನು 2004ರಲ್ಲಿ ಮೊದಲ ಮತವನ್ನು ಕೊಟ್ಟನೆಂದರೆ, ಆಗ ಭಾರತೀಯ ಜನತಾ ಪಕ್ಷವು 79 ಸ್ಥಾನಗಳಿಂದ ರಾಜ್ಯದ ಅತಿ ದೊಡ್ಡ ಪಕ್ಷವಾಗಿತ್ತು. ಅಜ್ಜನಿಗೆ ಜೋಡೆತ್ತು ಸಹಜವಾಗಿದ್ದಂತೆ ಅವನ ಓರಗೆಯ ಅನೇಕರಿಗೆ ಕಮಲವು ಸಹಜವಾಯಿತು. 2023ರಲ್ಲಿ ರಾಜ್ಯವು ಕಾಂಗ್ರೆಸ್ಸಿಗೆ 135 ಸ್ಥಾನಗಳನ್ನು ಕೊಟ್ಟಾಗಲೂ ಗೋಕಾವಿ, ಅರಭಾವಿ, ಹುಕ್ಕೇರಿಗಳು ಕಮಲವನ್ನೇ ಆರಿಸಿದವು. ಅವನು ಮುದುಕನಾಗುವ ಹೊತ್ತಿಗೆ ಯಾವ ಚಿಹ್ನೆಗಳು ಉಳಿದಿರುವವೋ ಬಲ್ಲವರಾರು?

ಒಟ್ಟಿನಲ್ಲಿ ಮೂರು ಸಂಗತಿಗಳು ತೋರಿಬರುತ್ತವೆ. ತಾರುಣ್ಯದ ಮೊದಲ ಅನುಭವವು ಒಲವಿಗೆ ಅಚ್ಚು ಹಾಕುತ್ತದೆ. ಭೂಮಿ, ನೀರು, ಬೆಳೆಯ ಬೆಲೆ, ತನ್ನವರಿಗಾದ ಅವಮಾನ ಇವು ನಡುವಯಸ್ಸಿನಲ್ಲಿ ಆ ಅಚ್ಚನ್ನು ಮುರಿಯಬಲ್ಲವು. ಪಕ್ಷವೇ ಒಡೆದು ಹೋದರೆ ಮುದುಕನೂ ಹೊಸದನ್ನು ಆರಿಸಲೇಬೇಕಾಗುತ್ತದೆ. ಪಕ್ಷವನ್ನು ಬಿಡುವುದರಲ್ಲಿ ಪಾಪವಿಲ್ಲ, ಬಿಡದಿರುವುದರಲ್ಲಿ ಪುಣ್ಯವೂ ಇಲ್ಲ. ಯಾತಕ್ಕಾಗಿ ಹಿಡಿದಿದ್ದೆನೆಂಬುದನ್ನು ಮರೆಯುವುದೇ ದೋಷ. ಬ್ರಾಹ್ಮಣೇತರ ಪಕ್ಷವನ್ನು ಬಿಟ್ಟು ಬಂದ 1930ರ ತರುಣರು ತಮ್ಮ ಕಾರಣವನ್ನು ತಂದೆಗಳ ಎದುರಿಗೆ ಹೇಳಬಲ್ಲವರಾಗಿದ್ದರು. ಇಂದಿನ ಮತದಾರನೂ ತನ್ನ ಮಕ್ಕಳ ಎದುರಿಗೆ ಹಾಗೆ ಹೇಳಬಲ್ಲವನಾದರೆ, ಅವನ ಪಕ್ಷವು ಎಷ್ಟು ಸಲ ಬದಲಾದರೂ ಅವನ ನಿಷ್ಠೆಯು ಬದಲಾಗಲಿಲ್ಲವೆಂದೇ ತಿಳಿಯತಕ್ಕದ್ದು.