ಮನೆಯಲ್ಲೇ ಛಾಯಾಚಿತ್ರ ಮುದ್ರಣ

ತಾನು ತೆಗೆದ ಚಿತ್ರವನ್ನು ಸ್ಟುಡಿಯೊಗೋ ಲ್ಯಾಬಿಗೋ ಕೊಡದೆ, ಇಂಕ್‌ಜೆಟ್ ಪ್ರಿಂಟರಿನಲ್ಲಿ ತಾನೇ ಕಾಗದಕ್ಕೆ ಇಳಿಸಿಕೊಳ್ಳುವ ಕೆಲಸ. ಕತ್ತಲಕೋಣೆಯ ಕಾಲದಲ್ಲಿ ಇದಕ್ಕೆ ಎನ್‌ಲಾರ್ಜರ್, ಕೆಂಪು ದೀಪ, ಡೆವಲಪರ್ ಮತ್ತು ಹೈಪೊ ತುಂಬಿದ ಟ್ರೇಗಳು, ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಮುಂತಾದ ಕಾಗದ ಬೇಕಾಗುತ್ತಿದ್ದವು. ಸಲಕರಣೆ ಪೂರ್ತಿ ಬದಲಾಗಿದೆ. ಆದರೆ ಸಣ್ಣ ತುಂಡಿನಲ್ಲಿ ಮುದ್ರಿಸಿ ನೋಡಿ, ತಿದ್ದಿ, ಆಮೇಲೆ ದೊಡ್ಡ ಹಾಳೆಗೆ ಕೈಹಾಕುವ ಅಭ್ಯಾಸ ಈಗಲೂ ಈ ಕೆಲಸದ ತಿರುಳು.

ಇಂಕ್‌ಜೆಟ್ ಮುದ್ರಣಕ್ಕೆ ಕಲೆಯ ಮಾನ್ಯತೆ ತಂದವರಲ್ಲಿ ಸಂಗೀತಗಾರ ಗ್ರಹಾಂ ನ್ಯಾಶ್ ಪ್ರಮುಖರು. ಅಚ್ಚುಕೂಟಗಳು ಬಣ್ಣದ ಪ್ರೂಫ್ ತೆಗೆಯಲು ಬಳಸುತ್ತಿದ್ದ ಐರಿಸ್ 3047 ಯಂತ್ರವನ್ನು ಅವರು ಛಾಯಾಚಿತ್ರಕ್ಕೆ ಒಗ್ಗಿಸಿ, 1991ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಾಲಯ ತೆರೆದರು. ಆ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅದರ ಶಾಯಿ ಬಹುಬೇಗ ಮಾಸುತ್ತಿತ್ತು. ಬಾಳಿಕೆ ಬರುವ ಪಿಗ್ಮೆಂಟ್ ಶಾಯಿ ಮೇಜಿನ ಮೇಲಿನ ಫೋಟೊ ಪ್ರಿಂಟರಿಗೆ ಬಂದದ್ದು 2000ದಲ್ಲಿ, ಎಪ್ಸನ್ ಸ್ಟೈಲಸ್ ಫೋಟೊ 2000ಪಿ ಮೂಲಕ.

ಹೊಸಬರು ಮೊದಲು ತಿಳಿಯಬೇಕಾದದ್ದು ಅಳತೆಯ ಲೆಕ್ಕ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಉತ್ತಮ. ಹಾಗಾಗಿ 4×6 ಇಂಚಿನ ಚಿತ್ರಕ್ಕೆ 1200×1800 ಪಿಕ್ಸೆಲ್, ಎ4 ಹಾಳೆಗೆ 2480×3508 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಎ4ಗೆ ಧಾರಾಳವಾಗಿ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರ ಕುಗ್ಗಿರುವುದರಿಂದ ಮೂಲ ಕಡತವನ್ನೇ ಕೇಳಿ ಪಡೆಯಬೇಕು. ಫೋನಿನ ಚೌಕಟ್ಟು ಸಾಮಾನ್ಯವಾಗಿ 4:3, ಡಿಎಸ್‌ಎಲ್‌ಆರ್ ಕ್ಯಾಮೆರಾದ್ದು 3:2, ಎ4 ಹಾಳೆ ಇವೆರಡರ ನಡುವಿನದು. ಎಲ್ಲಿ ಕತ್ತರಿಸಬೇಕೆಂದು ನಾವೇ ನಿರ್ಧರಿಸದಿದ್ದರೆ ಪ್ರಿಂಟರು ನಿರ್ಧರಿಸುತ್ತದೆ. ಗುಂಪುಚಿತ್ರದ ಅಂಚಿನಲ್ಲಿ ನಿಂತವರ ಭುಜ ಹೋಗುವುದು ಹೀಗೆ. ಸುತ್ತ ಬಿಳಿ ಅಂಚು ಬಿಟ್ಟು ಮುದ್ರಿಸುವುದು ನೋಡಲೂ ಚೆಂದ, ಹಿಡಿಯಲೂ ಅನುಕೂಲ.

ಮೊದಲ ಮುದ್ರಣ ಹೆಚ್ಚಿನವರಿಗೆ ಕಪ್ಪಾಗಿ ಬರುತ್ತದೆ. ಇದರಲ್ಲಿ ಪ್ರಿಂಟರಿನ ತಪ್ಪು ಕಡಿಮೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಮುದ್ರಣಕ್ಕೆ ಚಿತ್ರ ತಿದ್ದುವವರು ಪರದೆಯನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಹೊಳಪಿಗೆ ಇಳಿಸಿಕೊಳ್ಳುತ್ತಾರೆ. ಅಳೆಯುವ ಸಾಧನ ಇಲ್ಲದವರು ಕೋಣೆಯ ಬೆಳಕಿನಲ್ಲಿ ಬಿಳಿ ಹಾಳೆಯೊಂದನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಆ ಹಾಳೆಗೆ ಸಮನಾಗುವವರೆಗೆ ಹೊಳಪು ತಗ್ಗಿಸಬಹುದು.

ಇಲ್ಲಿಂದ ಮುಂದೆ ಪರೀಕ್ಷಾ ಪಟ್ಟಿಯ ಕೆಲಸ. ಚಿತ್ರದಲ್ಲಿ ಮುಖ ಮತ್ತು ಗಾಢ ನೆರಳು ಎರಡೂ ಸೇರಿದ ಭಾಗವೊಂದನ್ನು ಆರಿಸಿಕೊಳ್ಳಬೇಕು. ಅದೇ ಭಾಗವನ್ನು ಒಂದೇ ಹಾಳೆಯಲ್ಲಿ ಆರು ಸಲ ಜೋಡಿಸಿ, ಒಂದಕ್ಕಿಂತ ಒಂದರ ಹೊಳಪು ತುಸು ಹೆಚ್ಚಿಸಿ, ಎಷ್ಟು ಹೆಚ್ಚಿಸಿದ್ದೇವೆಂಬುದನ್ನು ಕೆಳಗೇ ಬರೆದು ಮುದ್ರಿಸಬೇಕು. ಆರಿದ ಮೇಲೆ ಕಿಟಕಿಯ ಬಳಿ ಒಮ್ಮೆ, ಚಿತ್ರ ತೂಗುಹಾಕುವ ಗೋಡೆಯ ದೀಪದಡಿ ಒಮ್ಮೆ ನೋಡಬೇಕು. ಕಪ್ಪು ಕೂದಲಿನ ಎಳೆ, ಕಡುಬಣ್ಣದ ರೇಷ್ಮೆ ಸೀರೆಯ ನೆರಿಗೆ ಬೇರೆಬೇರೆಯಾಗಿ ಕಾಣುತ್ತಿದ್ದು, ಹಣೆಯ ಮೇಲಿನ ಬೆಳಕು ಬರೀ ಬಿಳಿಯಾಗದೆ ಉಳಿದಿರುವ ತುಣುಕೇ ಸರಿಯಾದದ್ದು. ಒಂದು ಹಾಳೆ ಹೋಗುತ್ತದೆ, ನಿಜ. ಕಣ್ಣನ್ನು ಪಳಗಿಸಲು ಇದಕ್ಕಿಂತ ಅಗ್ಗದ ಪಾಠ ಇಲ್ಲ.

ಕಾಗದ ಆರಿಸುವಾಗ ಹೊಳಪಿನದು, ಲಸ್ಟರ್, ಮ್ಯಾಟ್ ಎಂದು ಎಲ್ಲವನ್ನೂ ತಂದು ಗುಡ್ಡೆ ಹಾಕುವುದಕ್ಕಿಂತ ಒಂದೇ ಬಗೆಯನ್ನು ಕೆಲವು ತಿಂಗಳು ಬಳಸುವುದು ಒಳ್ಳೆಯದು. ಬೆರಳಚ್ಚು ಅಷ್ಟಾಗಿ ಕಾಣದ, ಬಣ್ಣ ಚೆನ್ನಾಗಿ ಹಿಡಿಯುವ ಲಸ್ಟರ್ ಆರಂಭಕ್ಕೆ ತಕ್ಕದ್ದು. ಜೆರಾಕ್ಸ್ ಹಾಳೆ ಸುಮಾರು 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಫೋಟೊ ಕಾಗದ ಸಾಮಾನ್ಯವಾಗಿ 180ಕ್ಕಿಂತ ಹೆಚ್ಚು. ಜರ್ಮನಿಯ ಹಾನೆಮ್ಯೂಲೆ ಕಂಪನಿಯ ಹತ್ತಿಯ ಕಾಗದ ಫೋಟೊ ರ್‍ಯಾಗ್ 308 ಜಿಎಸ್‌ಎಂ. ಮ್ಯಾಟ್ ಕಾಗದದಲ್ಲಿ ಯಾವ ಬದಿಗೆ ಲೇಪನವಿದೆ ಎಂದು ಗೊತ್ತಾಗದಿದ್ದರೆ ತೇವದ ಬೆರಳಿನಿಂದ ಮೂಲೆ ಮುಟ್ಟಿದರಾಯಿತು, ಲೇಪನದ ಬದಿ ಅಂಟುತ್ತದೆ.

ನಾಲ್ಕು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರಿನಲ್ಲಿ ಕಲಿಯಲು ಅಡ್ಡಿಯಿಲ್ಲ. ಎಪ್ಸನ್ ಎಲ್805ರಂಥ ಆರು ಬಣ್ಣದ ಪ್ರಿಂಟರುಗಳಲ್ಲಿ ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ ಕೂಡ ಇರುವುದರಿಂದ ಮೈಬಣ್ಣ, ಆಕಾಶ ಚುಕ್ಕೆ ಕಾಣದೆ ನಯವಾಗಿ ಬರುತ್ತವೆ. ಕಪ್ಪುಬಿಳುಪು ಚಿತ್ರ ಮಾತ್ರ ಇಂಥವುಗಳಲ್ಲಿ ತುಸು ಹಸಿರಿಗೋ ನೇರಳೆಗೋ ಜಾರಬಹುದು. ಅದಕ್ಕೆ ಬೂದು ಶಾಯಿಯೂ ಇರುವ ಪ್ರಿಂಟರು ಬೇಕು. ಆಲ್ಬಂಗೆ ನೂರಾರು ಸಣ್ಣ ಚಿತ್ರ ಬೇಕಾದಾಗ ಲ್ಯಾಬಿಗೆ ಕೊಡುವುದೇ ಲಾಭ. ಮನೆಯ ಮುದ್ರಣದ ಸಾರ್ಥಕತೆ ಇರುವುದು ಮನಸ್ಸಿಗೆ ಹತ್ತಿರವಾದ ಕೆಲವೇ ಚಿತ್ರಗಳನ್ನು ದೊಡ್ಡದಾಗಿ, ತೃಪ್ತಿಯಾಗುವವರೆಗೆ ತಿದ್ದಿ ತೆಗೆಯುವುದರಲ್ಲಿ.

ಪ್ರಿಂಟರಿನ ಸೆಟ್ಟಿಂಗ್‌ನಲ್ಲಿ ಕಾಗದದ ಬಗೆಯನ್ನು ಸರಿಯಾಗಿ ಆರಿಸಲೇಬೇಕು, ಎಷ್ಟು ಶಾಯಿ ಸುರಿಯಬೇಕೆಂಬುದು ಅದರಿಂದ ತೀರ್ಮಾನವಾಗುತ್ತದೆ. ಬಣ್ಣದ ನಿರ್ವಹಣೆಯನ್ನು ಪ್ರಿಂಟರಿಗೆ ಬಿಡಬಹುದು, ಅಥವಾ ಕಾಗದದ ತಯಾರಕರು ಉಚಿತವಾಗಿ ಕೊಡುವ ಐಸಿಸಿ ಪ್ರೊಫೈಲ್ (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಕಡತ) ಬಳಸಿ ಚಿತ್ರ ತಿದ್ದುವ ಸಾಫ್ಟ್‌ವೇರಿಗೆ ವಹಿಸಬಹುದು. ಎರಡೂ ಕಡೆ ಚಾಲೂ ಇದ್ದರೆ ತಿದ್ದಿದ್ದನ್ನೇ ಮತ್ತೆ ತಿದ್ದಿ ಮುಖಗಳು ಕೆಂಪೇರುತ್ತವೆ.

ಮುದ್ರಿಸಿದ ಚಿತ್ರವನ್ನು ಒಂದು ದಿನವಾದರೂ ಆರಲು ಬಿಟ್ಟು ಫ್ರೇಮ್ ಹಾಕಿಸಬೇಕು. ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇಡಿಸುವುದು ಅಗತ್ಯ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹಳೆಯ ಮದುವೆಯ ಫೋಟೊಗಳು ಮಳೆಗಾಲದ ತೇವಕ್ಕೆ ಗಾಜಿಗೇ ಅಂಟಿ ಹಾಳಾಗಿರುವುದು ಈ ಅಂತರ ಇಲ್ಲದ್ದರಿಂದ. ಬಯಲುಸೀಮೆಯ ಬೇಸಿಗೆಯಲ್ಲಿ ತೊಂದರೆ ಬೇರೆ: ಬಳಸದೆ ಬಿಟ್ಟ ಪ್ರಿಂಟರಿನ ಹೆಡ್‌ನಲ್ಲಿ ಶಾಯಿ ಒಣಗಿ ಚಿತ್ರದ ಮೇಲೆ ಗೆರೆ ಬೀಳುತ್ತದೆ. ಹೆಡ್ ಕ್ಲೀನಿಂಗ್ ಪದೇ ಪದೇ ಮಾಡಿದರೆ ಶಾಯಿ ಪೋಲಾಗುವುದಲ್ಲದೆ, ಅದನ್ನು ಹೀರಿಕೊಳ್ಳುವ ಒಳಗಿನ ಪ್ಯಾಡ್ ತುಂಬಿ ಯಂತ್ರವೇ ನಿಲ್ಲಬಹುದು. ವಾರಕ್ಕೊಮ್ಮೆ ಎಲ್ಲ ಬಣ್ಣವೂ ಇರುವ ಸಣ್ಣ ಚಿತ್ರವೊಂದನ್ನು ಮುದ್ರಿಸುತ್ತಿದ್ದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.