ಕೊಡಗಿನ ಮನೆಗಳಲ್ಲಿ ಕ್ರಿಸ್ಮಸ್: ದೂರವಾದ ಮಕ್ಕಳ ಚರಿತ್ರೆ

ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಸಾಗುವ ಹಾದಿಯಲ್ಲಿರುವ ಬಿಟ್ಟಂಗಾಲ ಕಾಫಿ ತೋಟಗಳ ನಡುವಿನ ಊರು. ಇಲ್ಲಿ ಕ್ರಿಸ್ಮಸ್ ಬರುವುದು ಎರಡು ಸುಗ್ಗಿಗಳ ಸಂಧಿಯಲ್ಲಿ. ಹುತ್ತರಿಯ ಕದಿರು ತೆಗೆದಾಗಿದೆ, ಗದ್ದೆಯ ಭತ್ತ ಮನೆ ಸೇರುತ್ತಿದೆ. ತೋಟದಲ್ಲಿ ಅರೇಬಿಕಾ ಹಣ್ಣಿನ ಕುಯ್ಲು ನಡೆದಿದೆ, ರೊಬಸ್ಟಾ ಕೆಂಪೇರುವ ಹೊತ್ತು ಸಮೀಪಿಸಿದೆ. ಮಂಜು ಬೀಳುವ ಆ ಸಂಜೆಗಳಲ್ಲಿ ಕ್ರೈಸ್ತ ಮನೆಗಳ ಜಗಲಿಯ ಮೇಲೆ ನಕ್ಷತ್ರದೀಪ ತೂಗುತ್ತದೆ. ಒಳಗೆ ಮಕ್ಕಳು ಗೋದಲಿಗೆ ಹುಲ್ಲು ಹಾಸುತ್ತಾರೆ, ಗಾಳಿಮರದ ಅಥವಾ ಸಿಲ್ವರ್ ಓಕಿನ ಕೊಂಬೆಗೆ ಬಣ್ಣದ ಕಾಗದ ಕಟ್ಟುತ್ತಾರೆ. ಅಡುಗೆಮನೆಯಲ್ಲಿ ಕರ್ಜಿಕಾಯಿ, ಕಿಡಿಯೊ, ರೋಸ್ ಕುಕ್ಕಿಗಳ ಎಣ್ಣೆ ಕಾಯುತ್ತದೆ. ಇದೆಲ್ಲ ಅನಾದಿಯಿಂದ ಹೀಗೆಯೇ ನಡೆದು ಬಂದಿದೆ ಎಂದು ಮಕ್ಕಳು ನಂಬುತ್ತಾರೆ. ಹಿರಿಯರೂ ಬಹುಮಟ್ಟಿಗೆ ಹಾಗೆಯೇ ನಂಬಿದ್ದೇವೆ. ಆದರೆ ಗೋದಲಿ, ಮರ, ನಕ್ಷತ್ರ, ಕೇಕು ಇವು ಒಂದೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಈ ಬೆಟ್ಟಗಳಿಗೆ ಬಂದವು. ಆ ದಾರಿಗಳನ್ನು ಹಿಡಿದು ಹಿಂದಕ್ಕೆ ನಡೆದರೆ, ತಂದೆತಾಯಿಗಳಿಂದ ದೂರವಾದ ಮಕ್ಕಳು ಮತ್ತೆ ಮತ್ತೆ ಎದುರಾಗುತ್ತಾರೆ.

ಮೊದಲ ದಾರಿ ಸೆರೆಯ ದಾರಿ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸಂಸಾರಸಮೇತ ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಸಂಗತಿ ಓದುಗರಿಗೆ ತಿಳಿದದ್ದೇ. ಅದರ ಬೆನ್ನಿಗೇ ಕೊಡವ ಕುಟುಂಬಗಳೂ ಅದೇ ಪಾಡನ್ನು ಅನುಭವಿಸಿದವು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನೇ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು. ಅವನು 1792ರಲ್ಲಿ ತನ್ನ ಹೆಸರಿನಲ್ಲಿ ವಿರಾಜಪೇಟೆಯನ್ನು ಕಟ್ಟಿಸಿದನು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟನು. ಸೆರೆಯ ರುಚಿ ಕಂಡವನಿಗೆ ಸೆರೆಯಾಳುಗಳ ಕಷ್ಟ ಅರ್ಥವಾಗಿದ್ದರೆ ಆಶ್ಚರ್ಯವಿಲ್ಲ. ಇಂದಿಗೂ ಆ ಪೇಟೆಯ ನೆತ್ತಿಯಂತೆ ಕಾಣುವ ಸಂತ ಅನ್ನಮ್ಮನವರ ದೇವಾಲಯದ ಮೂಲ ಈ ಜನರ ಪ್ರಾರ್ಥನೆಯಲ್ಲಿದೆ. ಯೇಸುವಿನ ಅಜ್ಜಿಯೆಂದು ಪರಂಪರೆಯು ಗೌರವಿಸುವ ತಾಯಿಯ ಹೆಸರು ಕುಟುಂಬಗಳನ್ನು ಕಳೆದುಕೊಂಡವರ ಊರಿನ ದೇವಾಲಯಕ್ಕೆ ಬಂದದ್ದು ಎಷ್ಟು ಒಪ್ಪುತ್ತದೆ!

ಈ ಕೊಂಕಣಿ ಕುಟುಂಬಗಳ ಕ್ರಿಸ್ಮಸ್ಸಿನ ಮಧ್ಯಬಿಂದು ದೇವಾಲಯ: ನಡುರಾತ್ರಿಯ ಪೂಜೆ, ಗೋದಲಿ, ನೆರೆಮನೆಗಳಿಗೆ ತಟ್ಟೆಯಲ್ಲಿ ಹೋಗುವ ಕುಸ್ವಾರು. ಗೋದಲಿಯ ಪರಂಪರೆ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಬೇತ್ಲೆಹೇಮಿನ ರಾತ್ರಿಯನ್ನು ಹಳ್ಳಿಗರ ಕಣ್ಣಿಗೆ ಕಟ್ಟಿಸಿದಂದಿನಿಂದ ಹಬ್ಬಿದುದು. ಕೊಟ್ಟಿಗೆಯೂ ಗೋದಲಿಯೂ ಹಿತ್ತಿಲಲ್ಲೇ ಇದ್ದ ಕೊಡಗಿನ ಮಕ್ಕಳಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಎರಡನೆಯ ದಾರಿ ಜರ್ಮನಿಯಿಂದ ಬಂದದ್ದು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದವರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಹಾದಿ ಹಾಕಿದವರು. ಸ್ವದೇಶಕ್ಕೆ ಮರಳುವ ಸಿದ್ಧತೆಯಲ್ಲಿದ್ದ ಅವರನ್ನು ಕೊಡಗಿಗೆ ಎಳೆದವನು ಅಲ್ಮಂಡ ಸೋಮಯ್ಯನೆಂಬ ಕೊಡವ. ಕ್ರಿಸ್ತನನ್ನು ಅರಸಿ ಬಂದ ಆತನೊಡನೆ 1853ರಲ್ಲಿ ಮೋಗ್ಲಿಂಗರು ಈ ನಾಡಿಗೆ ಬಂದರು. ಸೋಮಯ್ಯನು ದೀಕ್ಷಾಸ್ನಾನದಲ್ಲಿ ಸ್ತೆಫನನೆಂಬ ಹೆಸರು ಪಡೆದನು. ಆ ಹೆಸರಿನ ಬೆಲೆಯೇನೆಂದು ಕೊಡಗನ್ನು ಬಲ್ಲವರು ಮಾತ್ರ ಅಳೆಯಬಲ್ಲರು. ಕೊಡವನಿಗೆ ಒಕ್ಕವೆಂದರೆ ಬರಿಯ ಬಂಧುಬಳಗವಲ್ಲ. ಐನ್‌ಮನೆಯ ನೆಲ್ಲಕ್ಕಿಯಲ್ಲಿ ತೂಗುವ ದೀಪದ ಕೆಳಗೆ ನಿಂತು ಹಿರಿಯರನ್ನು ನೆನೆಯುವ ಹಕ್ಕೇ ಅವನ ಗುರುತು. ಹುತ್ತರಿಯ ರಾತ್ರಿ ಕದಿರು ತಂದು ಆ ದೀಪಕ್ಕೊಪ್ಪಿಸುವ ಸಾಲಿನಿಂದ ಹೊರಗುಳಿದ ಮನೆಗೆ ಡಿಸೆಂಬರ್ ತಿಂಗಳು ಏನಾಗಿ ಕಂಡಿರಬೇಕು! ಒಂದು ಹಬ್ಬ ಕೈತಪ್ಪಿದ ಕೆಲವೇ ವಾರಗಳಲ್ಲಿ ಇನ್ನೊಂದು ಹಬ್ಬ. ಮೊದಲ ತಲೆಮಾರಿನವರ ಕ್ರಿಸ್ಮಸ್ಸನ್ನು ಬರಿಯ ಸಂಭ್ರಮವೆಂದು ಚಿತ್ರಿಸುವ ನಮ್ಮ ಸಭಾಚರಿತ್ರೆಗಳು ಈ ಒಂಟಿತನವನ್ನು ಗಮನಿಸಿದ್ದು ಕಡಿಮೆ.

ಮೋಗ್ಲಿಂಗರ ಹುಟ್ಟುನಾಡು ವ್ಯುರ್ಟೆಂಬರ್ಗ್. ಅಲ್ಲಿನ ಭಕ್ತಿಪಂಥದ ಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಪ್ರಥಮತಃ ಮನೆಯ ಹಬ್ಬ, ಅದರಲ್ಲೂ ಮಕ್ಕಳ ಹಬ್ಬ. ಡಿಸೆಂಬರ್ 24ರ ಸಂಜೆ ಮುಚ್ಚಿದ ಬಾಗಿಲ ಹಿಂದೆ ತಾಯಿ ಮರವನ್ನು ಸಿಂಗರಿಸುತ್ತಾಳೆ. ಮೇಣದ ಬತ್ತಿ ಹೊತ್ತಿದ ಮೇಲೆ ಗಂಟೆ ಬಾರಿಸುತ್ತದೆ, ಮಕ್ಕಳು ಒಳಗೆ ಓಡುತ್ತಾರೆ. ತಂದೆ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದುತ್ತಾನೆ. ಈ ಮರವನ್ನು ಮಾರ್ಟಿನ್ ಲೂಥರರೇ ಮೊದಲು ನಿಲ್ಲಿಸಿದರೆಂಬ ಕಥೆಗೆ ಅವರ ಕಾಲದ ಆಧಾರವಿಲ್ಲ. 1605ರ ಸುಮಾರಿನ ಸ್ಟ್ರಾಸ್‌ಬರ್ಗ್ ನಗರದ ಬರಹವೊಂದರಲ್ಲಿ ಕೋಣೆಯೊಳಗೆ ಮರ ನಿಲ್ಲಿಸಿ ಕಾಗದದ ಹೂ, ಸೇಬುಗಳಿಂದ ಅಲಂಕರಿಸುತ್ತಿದ್ದ ಉಲ್ಲೇಖವಿದೆ. ಆಗಮನಕಾಲದ ದೀಪಗಳ ಚಕ್ರವನ್ನು 1839ರಲ್ಲಿ ಹ್ಯಾಂಬರ್ಗಿನ ಯೋಹಾನ್ ವಿಚರ್ನ್ ಎಂಬ ಬೋಧಕರು ಮಾಡಿದರು. ಅವರು ಆಶ್ರಯವಿಲ್ಲದ ಬಡ ಮಕ್ಕಳಿಗಾಗಿ ಮನೆ ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಎಂದು ಕಾಡುತ್ತಿದ್ದ ಆ ಮಕ್ಕಳಿಗೆ ದಿನಕ್ಕೊಂದು ದೀಪ ಹಚ್ಚಿ ಎಣಿಸಲು ಕಲಿಸಿದರು.

ನಕ್ಷತ್ರದ ಕಥೆ ಇನ್ನೂ ಹತ್ತಿರದ್ದು. ಮೊರೇವಿಯನ್ ಸಭೆಯವರ ಹೆಸರುವಾಸಿಯಾದ ಬಹುಕೋನ ನಕ್ಷತ್ರ 19ನೆಯ ಶತಮಾನದ ಮೊದಲ ಭಾಗದಲ್ಲಿ ಅವರ ವಸತಿಶಾಲೆಯೊಂದರಲ್ಲಿ, ರೇಖಾಗಣಿತದ ಪಾಠದ ಸಲುವಾಗಿ, ಕಾಗದದಲ್ಲಿ ಹುಟ್ಟಿತು. ಅಂಥ ಶಾಲೆಗಳಲ್ಲಿದ್ದವರಲ್ಲಿ ಮಿಶನರಿಗಳ ಮಕ್ಕಳು ಅನೇಕರು. ಅವರ ತಂದೆತಾಯಿಗಳು ಸಮುದ್ರದಾಚೆ ಇದ್ದರು. ಆಗಮನದ ಮೊದಲ ಭಾನುವಾರ ಆ ಮಕ್ಕಳು ಕುಳಿತು ನಕ್ಷತ್ರ ಜೋಡಿಸುತ್ತಿದ್ದರು. ನಮ್ಮ ಬಿದಿರುಕಡ್ಡಿಯ ನಕ್ಷತ್ರಕ್ಕೂ ಅದಕ್ಕೂ ನೇರ ನಂಟು ಕಟ್ಟುವುದು ಸಲ್ಲದು. ದೀಪಾವಳಿಯ ಗೂಡುದೀಪ ಕಟ್ಟಿ ಪಳಗಿದ ಕೈಗಳಿಗೆ ಐದು ಮೂಲೆಯ ನಕ್ಷತ್ರವನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ.

ಮಿಶನರಿ ಮಕ್ಕಳ ಮಾತು ಬಂದುದರಿಂದ ಬಾಸೆಲ್ ಮಿಶನ್ನಿನ ಒಂದು ಕಟ್ಟಳೆಯನ್ನು ಹೇಳಲೇಬೇಕು. ಮೋಗ್ಲಿಂಗರು ಕೊಡಗಿಗೆ ಬಂದ 1853ರಲ್ಲಿಯೇ, ಯೋಸೆಫ್ ಯೋಸೆನ್‌ಹಾನ್ಸರು ಮಿಶನ್ನಿನ ಮುಖ್ಯಸ್ಥರಾಗಿದ್ದಾಗ, ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಯೂರೋಪಿಗೆ ಹೋಗತಕ್ಕದ್ದೆಂಬ ನಿಯಮ ಜಾರಿಗೆ ಬಂದಿತು. ಅವರಿಗಾಗಿ ಬಾಸೆಲ್ ನಗರದಲ್ಲಿ ಗಂಡುಮಕ್ಕಳ ಮನೆ, ಹೆಣ್ಣುಮಕ್ಕಳ ಮನೆ ಎಂದು ವಸತಿಗೃಹಗಳಾದವು. ಆರೇಳು ವರ್ಷದ ಮಗು ಹಡಗು ಹತ್ತಿದರೆ ಮತ್ತೆ ಅಪ್ಪ ಅಮ್ಮನನ್ನು ಕಾಣುವುದು ಎಷ್ಟೋ ವರ್ಷಗಳ ಮೇಲೆ. ಕೆಲವರಿಗೆ ಅದೂ ಇಲ್ಲ. ಹವೆ ಒಗ್ಗದೆ ಮಕ್ಕಳು ಸಾಯುತ್ತಿದ್ದರು, ಒಳ್ಳೆಯ ಶಾಲೆಗಳಿರಲಿಲ್ಲ, ತಂದೆತಾಯಿಗಳ ಸಮಯವೆಲ್ಲ ಸೇವೆಗೆ ಸಲ್ಲಬೇಕಿತ್ತು ಎಂಬ ಕಾರಣಗಳಿದ್ದವು. 'ಅನ್ಯಧರ್ಮೀಯರ' ಪ್ರಭಾವ ಮಕ್ಕಳ ಮೇಲೆ ಬೀಳಬಾರದೆಂಬ ಭಯವೂ ಇತ್ತು. ಮೊದಲಿನ ಕಾರಣಗಳನ್ನು ಒಪ್ಪಬಹುದು. ಕೊನೆಯದನ್ನು, ಆ ಮಕ್ಕಳನ್ನು ಎತ್ತಿ ಆಡಿಸಿದ ನಮ್ಮ ಆಯಾಗಳ, ಅಡುಗೆಯವರ ಮೊಮ್ಮಕ್ಕಳಾಗಿ ನಾವು ಒಪ್ಪಲಾರೆವು.

ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟ ಇಳಿದರೆ ಕಡಲು ಸಿಗುವುದು ತಲಶ್ಶೇರಿಯಲ್ಲಿ. ಮೋಗ್ಲಿಂಗರ ಆಪ್ತಮಿತ್ರ, ಮಲಯಾಳ ನಿಘಂಟಿನ ಕರ್ತೃ ಹೆರ್ಮನ್ ಗುಂಡರ್ಟರ ಮನೆ ಅಲ್ಲಿತ್ತು. 1842ರಲ್ಲಿ ಅಲ್ಲಿ ಹುಟ್ಟಿದ ಅವರ ಮಗಳು ಮರೀಯ, ನಿಯಮ ಬರುವುದಕ್ಕೂ ಮೊದಲೇ, ನಾಲ್ಕರ ಆಸುಪಾಸಿನಲ್ಲಿ ತಂದೆತಾಯಿಗಳೊಡನೆ ಯೂರೋಪಿಗೆ ಹೋದಳು. ಅವರು ಮರಳಿದರು; ಮಗು ಅಲ್ಲಿಯೇ ಉಳಿಯಿತು. ಅವಳು ಮತ್ತೆ ಭಾರತದ ನೆಲ ಮೆಟ್ಟಿದ್ದು 1857ರಲ್ಲಿ, ಹದಿಹರೆಯದವಳಾಗಿ. ನಡುವಿನ ಹತ್ತು ಕ್ರಿಸ್ಮಸ್ಸುಗಳಲ್ಲಿ ತಂದೆತಾಯಿ ಅವಳಿಗೆ ಕಾಗದದಲ್ಲಿ ಮಾತ್ರ ಇದ್ದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಹಿಂದೆ ಡಿಸೆಂಬರಿನ ಹಾರೈಕೆ ಮಗುವಿನ ಕೈ ಸೇರಬೇಕಾದರೆ ತಾಯಿ ಮಳೆಗಾಲ ಮುಗಿಯುವಷ್ಟರಲ್ಲಿ ಬರೆಯಲು ಕೂರಬೇಕಾಗಿತ್ತು. ಇದೇ ಮರೀಯಳ ಮಗ ಜಗದ್ವಿಖ್ಯಾತ ಸಾಹಿತಿ ಹೆರ್ಮನ್ ಹೆಸ್ಸೆ. ತಂದೆ ಯೋಹಾನೆಸ್ ಹೆಸ್ಸೆ ಮಂಗಳೂರಿನಲ್ಲಿ ಸೇವೆ ಮಾಡಿದವರು. ಆಶ್ಚರ್ಯವೆಂದರೆ ಈ ತಾಯಿಯೇ 1884ರಲ್ಲಿ ತುಂಟನಾದ ಆರು ವರ್ಷದ ಮಗನನ್ನು, ತಾವು ಅದೇ ನಗರದಲ್ಲಿ ವಾಸವಿದ್ದರೂ, ಬಾಸೆಲಿನ ಆ ಗಂಡುಮಕ್ಕಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಸೇರಿಸಿದರು.

ಅದೇ ದಶಕಗಳಲ್ಲಿ ಕೊಡಗಿನ ಮಗುವೊಂದು ಅದೇ ದಿಕ್ಕಿನಲ್ಲಿ ಸಾಗಿತ್ತು. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. 1852ರ ಜೂನ್ 30ರಂದು ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು ಅವಳಿಗೆ ದೀಕ್ಷಾಸ್ನಾನ ಮಾಡಿಸಿದಾಗ ಇನ್ನೂ ಹನ್ನೊಂದು ತುಂಬಿರಲಿಲ್ಲ. ತಂದೆಯಿಂದ ಬೇರ್ಪಡಿಸಿ ಅವಳನ್ನು ಆಂಗ್ಲ ಕುಟುಂಬಗಳಲ್ಲಿ ಬೆಳೆಸಿದರು. ರಾಣಿಯ ಅರಮನೆಯ ಕ್ರಿಸ್ಮಸ್ ಮರದ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಇಂಗ್ಲೆಂಡಿನ ಮನೆಮನೆಯಲ್ಲೂ ಮರ ನಿಲ್ಲಿಸುವ ರೂಢಿ ಹರಡುತ್ತಿದ್ದ ಕಾಲವದು. ತಂದೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಗೌರಮ್ಮ 1864ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಪುಟ್ಟ ಮಗಳನ್ನು ಬಿಟ್ಟು ತೀರಿಕೊಂಡಳು. ಅವಳು ಕ್ರೈಸ್ತಳಾದುದನ್ನು ಹೆಮ್ಮೆಯಿಂದ ಹೇಳುವ ನಾವು ಅವಳು ಕೊಡಗನ್ನು ಒಮ್ಮೆಯೂ ಕಾಣಲಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು.

ಮೋಗ್ಲಿಂಗರ ಕೊಡಗಿನ ಕೆಲಸದಲ್ಲಿ ನಿಂತದ್ದು ಮಾತ್ರ ಅವರು ನಿರೀಕ್ಷಿಸದ ಕಡೆ. ಕೊಡವರು ಗುಂಪಾಗಿ ಬರಲಿಲ್ಲ. ಬಂದವರು ಗದ್ದೆಗಳಲ್ಲಿ ದುಡಿಯುತ್ತಿದ್ದ, ಅಂದಿನ ದಾಖಲೆಗಳು ಹೊಲೆಯರೆಂದು ಬರೆದ ಜನ. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆದಿತ್ತಾದರೂ ಜಮೀನಿನೊಡನೆ ಆಳೂ ಸೇರಿದ್ದೆಂಬ ರೂಢಿ ಒಮ್ಮೆಗೇ ಸಾಯಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಮಗು ತಾಯಿಯದಾಗುವ ಮೊದಲೇ ಒಡೆಯನದಾಗಿರುತ್ತಿತ್ತು. ಇವರಿಗಾಗಿ 1850ರ ದಶಕದ ಕೊನೆಯಲ್ಲಿ ಅಮ್ಮತ್ತಿ, ಸಿದ್ದಾಪುರದ ಕಡೆ ಮೋಗ್ಲಿಂಗರು ಒಂದು ಊರನ್ನೇ ಕಟ್ಟಿ ಆನಂದಪುರವೆಂದು ಹೆಸರಿಟ್ಟರು. ಊರ ಜೀವನಕ್ಕೆಂದು ಕಾಫಿ ಹಾಕಿಸಿದರು. ಯೂರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯಲ್ಲಿ ಆರಂಭವಾದದ್ದು 1854ರಲ್ಲಷ್ಟೇ. ಪತ್ನಿ ಪೌಲಿನಾರ ಅನಾರೋಗ್ಯದಿಂದ ಮೋಗ್ಲಿಂಗರು 1860ರಲ್ಲಿ ಕೊಡಗನ್ನು ಬಿಟ್ಟರು. ಊರು ಉಳಿಯಿತು, ಸಭೆ ಉಳಿಯಿತು. ಮುಂದೆ ಫರ್ಡಿನಾಂಡ್ ಕಿಟ್ಟೆಲರು ಮಡಿಕೇರಿಯಲ್ಲಿದ್ದು ನಿಘಂಟಿಗಾಗಿ ಪದಗಳನ್ನು ಕೂಡಿಸಿದ ಕಾಲದಲ್ಲಿ ಈ ಸಭೆಯೂ ಬೆಳೆಯುತ್ತಿತ್ತು. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದ ಅವರ 'ಕಥಾಮಾಲೆ' 1862ರದು.

ಆನಂದಪುರದ ಒಂದು ಮನೆಯಲ್ಲಿ ತಂದೆ, ತಾಯಿ, ಮಕ್ಕಳು ಒಂದೇ ಸೂರಿನಡಿ ತಮ್ಮದೇ ಅಕ್ಕಿಯ ಅನ್ನ ಉಂಡ ಮೊದಲ ಕ್ರಿಸ್ಮಸ್ಸಿಗೆ ನಾನು ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹಿರಿಯ ಸ್ಥಾನ ಕೊಡುತ್ತೇನೆ. ಮರವಿತ್ತೋ ಇಲ್ಲವೋ, ಅದು ಮುಖ್ಯವಲ್ಲ. ತಮ್ಮ ಮಕ್ಕಳನ್ನು ಹಡಗು ಹತ್ತಿಸಬೇಕಾದ ಸಂಸ್ಥೆಯವರೇ ಬೇರೆಯವರ ಮಕ್ಕಳು ತಾಯಿಯ ಮಡಿಲಲ್ಲಿ ಉಳಿಯುವಂತೆ ಊರು ಕಟ್ಟಿದರು ಎಂಬುದನ್ನು ಓದುವಾಗ ಮನಸ್ಸು ಮೆಚ್ಚುಗೆಗೂ ಮರುಕಕ್ಕೂ ನಡುವೆ ತೂಗುತ್ತದೆ.

ಕೇಕಿನ ವಿಚಾರವನ್ನು ಬೇಗನೆ ಮುಗಿಸುತ್ತೇನೆ, ಏಕೆಂದರೆ ಅದೂ ತಲಶ್ಶೇರಿಯ ದಾರಿಯಲ್ಲೇ ಬರುತ್ತದೆ. 1883ರಲ್ಲಿ ಅಂಜರಕಂಡಿಯ ತೋಟದೊಡೆಯ ಬ್ರೌನ್ ಇಂಗ್ಲೆಂಡಿನಿಂದ ತಂದ ಕೇಕನ್ನು ತೋರಿಸಿದಾಗ ತಲಶ್ಶೇರಿಯ ಮಂಬಳ್ಳಿ ಬಾಪು ತನ್ನ ಬೇಕರಿಯಲ್ಲಿ ಅಂಥದೇ ಕ್ರಿಸ್ಮಸ್ ಕೇಕನ್ನು ಸುಟ್ಟುಕೊಟ್ಟನೆಂಬುದು ಆ ಮನೆತನದವರ ಹೇಳಿಕೆ. ಭಾರತೀಯನೊಬ್ಬ ಮಾಡಿದ ಮೊದಲ ಕ್ರಿಸ್ಮಸ್ ಕೇಕು ಅದೆಂದು ಪ್ರಸಿದ್ಧಿ. ಅದೇ ಅಂಜರಕಂಡಿಯ ತೋಟವನ್ನು ಹಿಂದಿನ ತಲೆಮಾರಿನ ಬ್ರೌನ್ ಗುಲಾಮರಿಂದ ದುಡಿಸಿದ್ದನೆಂಬುದು ಕೇಕಿನ ಕಥೆ ಹೇಳುವವರ ಬಾಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು. ಗಂಡಸರನೇಕರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು. ಮುಂದೆ ಅವರನ್ನೂ ಅವರ ಕುಟುಂಬಗಳನ್ನೂ ಸ್ವದೇಶಕ್ಕೆ ಕಳುಹಿಸಿದರು. ಮಿಶನ್ ಬಂಗಲೆಗಳ ಬೀಗ ಬಿದ್ದ ಕೋಣೆಗಳಲ್ಲಿ ಮರ ನಿಲ್ಲಿಸುವವರು ಯಾರೂ ಇರಲಿಲ್ಲ. ಉಪದೇಶಿಗಳ, ಶಾಲಾ ಉಪಾಧ್ಯಾಯರ, ತೋಟದ ಮೇಸ್ತ್ರಿಗಳ ಮನೆಗಳಲ್ಲಿ ಹಬ್ಬ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಕೊಡಗಿನ ಕ್ರಿಸ್ಮಸ್ ಕೊಡಗಿನವರದೇ ಆಯಿತು: ಪಂದಿ ಕರಿಯೂ ಕಡಂಬುಟ್ಟೂ ಕುಸ್ವಾರಿನ ತಟ್ಟೆಯ ಪಕ್ಕಕ್ಕೆ ಬಂದವು; ವಯನಾಡಿನಿಂದ ಬಂದವರ, ತಮಿಳು ಸೀಮೆಯಿಂದ ಬಂದವರ ಕೀರ್ತನೆಗಳು ಲೈನ್ ಮನೆಗಳ ಮುಂದೆ ಕನ್ನಡ ಕೀರ್ತನೆಗಳೊಡನೆ ಬೆರೆತವು.

ಇಂದು ಬಿಟ್ಟಂಗಾಲದ ಸುತ್ತಿನ ಮನೆಗಳಿಂದ ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ದುಡಿಯಲು ಹೋದವರು ಬಹಳ. ಹಿಂದೆ ಮಕ್ಕಳು ದೂರ ಹೋದರು, ಈಗ ಎಷ್ಟೋ ಮನೆಗಳಲ್ಲಿ ತಂದೆಯೋ ತಾಯಿಯೋ ದೂರ. ಮಗು ಅಜ್ಜಿಯ ಬಳಿ. ಡಿಸೆಂಬರ್ 24ರ ರಾತ್ರಿ ಅಜ್ಜಿ ಫೋನನ್ನು ಗೋದಲಿಯ ಎದುರು ಹಿಡಿಯುತ್ತಾಳೆ. ಹುಲ್ಲು ಯಾರು ಹಾಸಿದ್ದು, ಕುರಿ ಎಷ್ಟಿವೆ ಎಂದು ಆಚೆಯಿಂದ ಪ್ರಶ್ನೆ ಬರುತ್ತದೆ. ಮಗು ಒಂದೊಂದಾಗಿ ಎಣಿಸಿ ಹೇಳುತ್ತದೆ. ಮರುದಿನ ಆರಾಧನೆ ಮುಗಿಸಿ ಊಟ. ಅದರ ಮರುದಿನ ಬೆಳಿಗ್ಗೆ ಕುಯ್ಲು.